ಕುರ್ಚಿ ಬಿಟ್ಟೆದ್ದ ವೆಂಕಟರಂಗಯ್ಯ

೧

ಆ ಬೆಳಿಗ್ಗೆ ತುಮಕೂರಿನಲ್ಲಿ ಮಂಜು ಕವಿದಿತ್ತು ಎಂದು ಶುರುಮಾಡಲೇ? ಬೇಡ. ಮಂಜೆಂದರೆ ನೀವು ಗೂಢಾರ್ಥ ಹುಡುಕುತ್ತೀರಿ. ೧೯೮೩ರ ಫೆಬ್ರವರಿ, ಬಿಸಿಲಿತ್ತು. (ಶಿವನಾಣೆ, ಬರೀ ಬಿಸಿಲು.)

೨

ಜೀತಗಾರರನ್ನು ಪತ್ತೆಮಾಡುವುದು ಹೇಗೆಂದು ಅಧಿಕಾರಿಗಳಿಗೆ ತರಬೇತಿ. ಕುಣಿಗಲ್ಲಿನ ರೆವಿನ್ಯೂ ಇನ್‌ಸ್ಪೆಕ್ಟರ್ ವೆಂಕಟರಂಗಯ್ಯ ಉಪ್ಪಿಟ್ಟು ಮುಗಿಸಿ ತೂಕಡಿಸುತ್ತಿದ್ದರು. (ಮೊದಲು ಅವರನ್ನು ಧೀರ ನಾಯಕನನ್ನಾಗಿಸಿ ಮೂರು ಪುಟ ಬರೆದಿದ್ದೆ. ಓದಿ ಅವರೇ ನಕ್ಕರು. ಹರಿದೆ.) ಅಷ್ಟರಲ್ಲಿ ಒಂದು ನಾಟಕ ಆಡಿಸಿದರು: ವೆಂಕಟರಂಗಯ್ಯ ಜೀತಗಾರ, ಗುಬ್ಬಿಯ ಖುರ್ಷಿದ್ ಪಾಷಾ ಮಾಲೀಕ.

"ಬಲವಂತವಾಗಿ ಇಟ್ಕೊಂಡಿದಾರೇನಪ್ಪ?" ತರಬೇತುದಾರರು ವೆಂಕಟರಂಗಯ್ಯನವರನ್ನು ಕೇಳಿದರು.

"ಛೆ, ಮನೆಮಗ ಇದ್ದಂಗವ್ನೆ ಸಾರ್. ಏನ್ಲಾ?" ಪಾಷಾ ಅವರ ಹೆಗಲ ಮೇಲೆ ಕೈಯಿಟ್ಟು ತಾವೇ ಉತ್ತರ ಕೊಟ್ಟರು.

ಎಲ್ಲರೂ ನಕ್ಕರು. ವೆಂಕಟರಂಗಯ್ಯನವರ ತೂಕಡಿಕೆ ಹಾರಿಹೋಯಿತು. ಹೋದ ವರ್ಷ ಗುಂಡಯ್ಯನ ಇಟ್ಟಿಗೆ ಗೂಡಿನಲ್ಲಿ ಅವರೂ ಹೀಗೇ ವಿಚಾರಿಸಿದ್ದರು: ಮಾಲೀಕನ ಜಗಲಿ, ಮಾಲೀಕನ ಕುರ್ಚಿ, ಮಾಲೀಕನ ಕಾಫಿ, ಉತ್ತರವೂ ಮಾಲೀಕನದೇ. ಕೂಲಿಯಾಳು ಕರಿಬಸಮ್ಮ ತನ್ನ ರೇಷನ್ ಕಾರ್ಡು ತಂದು ತೋರಿಸಿದಾಗ, ಅದನ್ನು ಗುಂಡಯ್ಯನ ಕೈಗೇ ಕೊಟ್ಟು, "ಭದ್ರವಾಗಿಡಿ, ಕಳೆದಾಕ್ಕೋತಾಳೆ" ಎಂದಿದ್ದರು. ಫಾರಂನಲ್ಲಿ ಬರೆದದ್ದು: ಜೀತಗಾರರು ಇಲ್ಲ.

೩

ತರಬೇತಿಯ ಮರುದಿನವೇ ಗೂಡಿಗೆ ಹೋದರು. ಗುಂಡಯ್ಯ ಕುರ್ಚಿ ಎಳೆದ. ಕೂತರು (ಅಭ್ಯಾಸ, ಏನು ಮಾಡಲಿ), ತಟ್ಟನೆ ಎದ್ದರು. ಕರಿಬಸಮ್ಮನ ಕಾರ್ಡು ಕೇಳಿ ಪಡೆದು, ಮಣ್ಣು ತುಳಿಯುತ್ತಿದ್ದ ಅವಳ ಬಳಿಗೆ ಒಬ್ಬರೇ ನಡೆದರು.

"ಸಾಹೇಬ್ರಿಗೆ ಟ್ರೈನಿಂಗ್ ಆಯ್ತಂತೆ!" ಗುಂಡಯ್ಯ ಹಿಂದಿನಿಂದ ಕೂಗಿದ.

(ಇಲ್ಲಿ ಕರಿಬಸಮ್ಮ ಅಳುತ್ತಾಳೆ ಎಂದು ಬರೆದೆ. "ನಾನ್ಯಾಕಳ್ಲಿ? ಕೆಲ್ಸ ಐತೆ. ನೀನೇ ಅತ್ಕೋ ಓಗು" ಎಂದು ನನ್ನನ್ನೇ ಗದರಿದಳು.)

"ಇಲ್ಲಿಂದ ಹೋಗ್ತೀನಿ ಅಂದ್ರೆ ಬಿಡ್ತಾರೇನಮ್ಮ?" ವೆಂಕಟರಂಗಯ್ಯ ಕೇಳಿದರು.

"ಮಗಳು ಗುಬ್ಬೀಲಿ ಹಸಿ ಬಾಣಂತಿ ಸ್ವಾಮಿ. ಒಂದ್ಸಲ ನೋಡ್ಕೊಂಬರಕ್ಕೂ ಬುಡ್ಲಿಲ್ಲ. ಕಾರ್ಡಿಲ್ದೆ ಓಡೋಗಿ ಏನ್ ತಿನ್ಲಿ?" ಮಣ್ಣು ತುಳಿಯುತ್ತಲೇ ಅಂದಳು. "ಹೋದ್ವರ್ಸ ನನ್ನೇ ಕೇಳಿದ್ರೆ ಹೋದ್ವರ್ಸಾನೇ ಹೇಳ್ತಿದ್ದೆ."

೪

ಮುಕ್ತಾಯ ಬೇಕೇ? ಆರಿಸಿಕೊಳ್ಳಿ. ಜೀಪು ಬಂದು ಎಲ್ಲರ ಬಿಡುಗಡೆಯಾಯಿತು. ಅಥವಾ ವೆಂಕಟರಂಗಯ್ಯನವರಿಗೆ ವರ್ಗವಾಯಿತು. ಅಥವಾ ಕಥೆಗಾರನಿಗೆ ಬಹುಮಾನ ಬಂತು. (ನನಗೆ ಇದೇ ಇಷ್ಟ; ಶಿವ ಕ್ಷಮಿಸಲಿ.) ಆದರೆ 'ಇಲ್ಲ' ಎಂದು ಬರೆದ ಫಾರಂ ಕಚೇರಿಯಲ್ಲಿ ಹಾಗೇ ಇದೆ, ಗುಂಡಯ್ಯ ಜಗಲಿಯಲ್ಲಿ ನಿಂತು ನೋಡುತ್ತಲೇ ಇದ್ದಾನೆ. ನಾನು ಹೇಗೆ ಮುಗಿಸಲಿ?

ಕರಿಬಸಮ್ಮ ಮಣ್ಣಿನಿಂದ ಕಾಲು ಕಿತ್ತು ನಿಂತು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ವೆಂಕಟರಂಗಯ್ಯ ಕಾರ್ಡನ್ನು ಆ ಕೈಗಿಟ್ಟರು.