ಆಡದವನ ಹದಿನೆಂಟು ಅಂಕ

ಆ ಚಳಿಗಾಲ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಆಡಿದ್ದನ್ನೆಲ್ಲ ಗೆದ್ದಿತ್ತು. ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಆ ಸಣ್ಣ ಊರಿನವರಿಗೆ ಮಾತಾಡಲು ಬೇರೆ ವಿಷಯವೇ ಉಳಿದಿರಲಿಲ್ಲ. ಗೆಲುವಿಗೆ ಕಾರಣ ಇಬ್ಬರು: ಬುಟ್ಟಿಯ ಕೆಳಗೆ ನಿಲ್ಲುವ ನೀಳಕಾಯದ ವೆಂಡೆಲ್ ಕ್ರೌಸ್, ಅವನಿಗೆ ಚೆಂಡು ಮುಟ್ಟಿಸುವ ಲೂಷಿಯಸ್ ಪೆಟಿಫರ್ಡ್. ಲೂಷಿಯಸ್ ಬೇರೆಲ್ಲೋ ನೋಡುತ್ತ ಚೆಂಡು ಎಸೆದರೂ ವೆಂಡೆಲ್ ಸರಿಯಾಗಿ ಅಲ್ಲಿರುತ್ತಿದ್ದ.

ತಂಡದಲ್ಲಿ ಕಪ್ಪು ಹುಡುಗ ಲೂಷಿಯಸ್ ಒಬ್ಬನೇ. ಕಾಲೇಜಿನ ಹಾಸ್ಟೆಲಿನಲ್ಲಿ ಅವನಿಗೆ ಜಾಗ ಕೊಟ್ಟಿರಲಿಲ್ಲ. ರೈಲು ಹಳಿಯ ಆಚೆ, ಕ್ಷೌರಿಕ ಕ್ಲಿಯೋಫಸ್‌ನ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ವಾಸ.

ಹಿಂದಿನ ವರ್ಷ ಪಂದ್ಯ ಮುಗಿಸಿ ಬರುವಾಗ ದಾರಿಯ ಹೋಟೆಲಿನವನೊಬ್ಬ ಲೂಷಿಯಸ್‌ನನ್ನು ನೋಡಿ, "ಇವನು ಹಿತ್ತಲಲ್ಲಿ ತಿನ್ನಲಿ" ಅಂದಿದ್ದ. ವೆಂಡೆಲ್ ತನ್ನ ತಟ್ಟೆ ದೂಡಿ ಎದ್ದ. ಅವನ ಹಿಂದೆ ಇಡೀ ತಂಡ ಎದ್ದಿತು. ಎಲ್ಲರೂ ಬಸ್ಸಿನಲ್ಲಿ ಕೂತು ತಣ್ಣಗಿನ ಬ್ರೆಡ್ಡು ಸಾಸೇಜು ತಿಂದರು. "ಅವನ ಸೂಪು ನಾಯಿಗೂ ಬೇಡ ಬಿಡು" ಎಂದು ವೆಂಡೆಲ್ ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡು ಹೇಳಿದ್ದ. ಅಂದಿನಿಂದ ಲೂಷಿಯಸ್ ಅವನನ್ನು ನಂಬಿದ್ದ.

ಜನವರಿಯಲ್ಲಿ ಒಂದು ದಿನ ಅಭ್ಯಾಸ ಮುಗಿದ ಮೇಲೆ ಕೋಚ್ ಹಾಫರ್ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿದ. ಒಹಾಯೊ ನದಿಯ ಆಚೆ, ದಕ್ಷಿಣದ ಒಂದು ಊರಿನಲ್ಲಿ ದೊಡ್ಡ ಟೂರ್ನಮೆಂಟಿತ್ತು. ಇಷ್ಟು ಸಣ್ಣ ಕಾಲೇಜನ್ನು ಅಲ್ಲಿಗೆ ಕರೆದದ್ದು ಅದೇ ಮೊದಲು.

"ಅಲ್ಲಿಯವರು ಫೋನ್ ಮಾಡಿದ್ರು," ಕೋಚ್ ತನ್ನ ಸೀಟಿಯ ದಾರ ತಿರುವುತ್ತ ಹೇಳಿದ. "ಬೆಳ್ಳಗಿರೋರು ಮಾತ್ರ ಆಡಬೇಕಂತೆ. ಅವರ ಕಟ್ಟಳೆ. ನಾನು ಮಾಡಿದ್ದಲ್ಲ."

ಕೋಚ್ ಬೆಂಚಿನ ತುದಿಗೆ ತಿರುಗಿದ.

"ಲೂಷಿಯಸ್, ನೀನೇನಂತೀಯಪ್ಪ?"

ಹುಟ್ಟಿದಾಗಿನಿಂದ ತಾಯಿ ಕಲಿಸಿದ್ದು ಒಂದೇ: ಬಿಳಿಯರು ಹೊರಗೆ ಹೋಗು ಅನ್ನುವ ಮೊದಲು ನೀನೇ ಎದ್ದುಬಿಡು, ಆಗ ಎದ್ದದ್ದು ನಿನ್ನ ಇಷ್ಟದಿಂದ ಎಂದಾಗುತ್ತದೆ. ಅವನ ಬಾಯಿಂದ ಆ ಪಾಠವೇ ಬಂತು.

"ನೀವು ಹೋಗ್ಬನ್ನಿ ಕೋಚ್. ನನಗೇನೂ ಬೇಜಾರಿಲ್ಲ."

ಹೇಳಿ ಅವನು ವೆಂಡೆಲ್‌ನ ಕಡೆ ನೋಡಿದ. ಈಗ ವೆಂಡೆಲ್ ಏಳುತ್ತಾನೆ, ಇವನಿಲ್ಲದೆ ನಾನೂ ಇಲ್ಲ ಅನ್ನುತ್ತಾನೆ. ಆ ಮಾತಿಗೆ ಜಾಗ ಮಾಡಿಕೊಡಲೆಂದೇ ಅವನು ಹಾಗೆ ಹೇಳಿದ್ದ. ವೆಂಡೆಲ್ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದ. ಒಂದು ಬೂಟು ಕಳಚಿದ, ಇನ್ನೊಂದಕ್ಕೆ ಕೈ ಹಾಕಿದ.

"ದೊಡ್ಡ ಮನಸ್ಸು ಕಣಯ್ಯ ನಿಂದು," ಕೋಚ್ ಹೇಳಿದ. ಬೆಂಚಿನ ಮೇಲಿದ್ದವರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಯಾರೋ ಬೆನ್ನು ತಟ್ಟಿದರು. ವೆಂಡೆಲ್ ಹತ್ತಿರ ಬಂದು, "ಕಪ್ ತಂದು ನಿನ್ನ ಕೈಗೇ ಕೊಡ್ತೀನಿ ನೋಡ್ತಿರು" ಅಂದ. ಲೂಷಿಯಸ್ ನಕ್ಕ.

ಶನಿವಾರ ಮಧ್ಯಾಹ್ನ ಕ್ಲಿಯೋಫಸ್‌ನ ಅಂಗಡಿಯ ರೇಡಿಯೋದಲ್ಲಿ ಪಂದ್ಯ ಬರುತ್ತಿತ್ತು. ಕುರ್ಚಿಯಲ್ಲಿ ರೈಲ್ವೆ ಕೂಲಿ ಜುಬಾಲ್, ಮುಖಕ್ಕೆಲ್ಲ ಸೋಪಿನ ನೊರೆ. ಲೂಷಿಯಸ್ ಕಿಟಕಿಯ ಹತ್ತಿರ ಕೂತಿದ್ದ. ಮೇಲಿನ ಕೋಣೆಗೆ ಹೋಗೋಣವೆಂದರೆ ಅಲ್ಲಿಗೂ ಅದೇ ದನಿ ಕೇಳಿಸುತ್ತಿತ್ತು.

"ಏಳನೇ ನಂಬರಿನ ಪೆಟಿಫರ್ಡ್, ಎರಡೂ ಕೈಯಿಂದ ಎಸೆದ, ಬಿತ್ತು."

ಕ್ಲಿಯೋಫಸ್‌ನ ಕತ್ತಿ ಜುಬಾಲ್‌ನ ಗಂಟಲಿನ ಮೇಲೆ ನಿಂತಿತು. "ಏನಂದ ಅವನು?"

"ನನ್ನ ಅಂಗಿ ಡಾನಿ ಹಾಕ್ಕೊಂಡಿದಾನೆ," ಲೂಷಿಯಸ್ ಹೇಳಿದ. "ಹೊಸ ಹುಡುಗ. ಅಚ್ಚು ಹಾಕಿದ ಹಾಳೆಯಲ್ಲಿ ಏಳನೇ ನಂಬರಿಗೆ ನನ್ನ ಹೆಸರೇ ಇರಬೇಕು. ಆ ರೇಡಿಯೋದವನು ನಮ್ಮನ್ನ ಎಲ್ಲಿ ಕಂಡಿದಾನೆ."

"ಅಲ್ಲಪ್ಪಾ," ಜುಬಾಲ್ ನೊರೆಯೊಳಗಿಂದ ಅಂದ, "ನಿನ್ನ ಕಾಲು ಒಳಗಿಡಕ್ಕೆ ಬಿಡಲ್ಲ, ನಿನ್ನ ಹೆಸರಿಗೆ ಮಾತ್ರ ಚಪ್ಪಾಳೆ ಹೊಡೀತಾರೆ."

"ಬಾಯಿ ಮುಚ್ಕೊಂಡು ಕೂತ್ಕೋ. ಕುಯ್ದುಬಿಟ್ಟೇನು," ಕ್ಲಿಯೋಫಸ್ ಗದರಿದ.

ಡಾನಿ ಆ ದಿನ ಚೆನ್ನಾಗಿ ಆಡಿದ. ಪೆಟಿಫರ್ಡ್‌ನಿಂದ ಕ್ರೌಸ್‌ಗೆ, ಕ್ರೌಸ್‌ನಿಂದ ಪೆಟಿಫರ್ಡ್‌ಗೆ ಎಂದು ರೇಡಿಯೋ ಕೂಗುತ್ತಲೇ ಇತ್ತು. ಪೆಟಿಫರ್ಡ್ ಹದಿನೆಂಟು ಅಂಕ ಗಳಿಸಿದ. ತಂಡ ಗೆದ್ದಿತು. ಕ್ಲಿಯೋಫಸ್ ರೇಡಿಯೋ ಆರಿಸಿ, ಯಾರನ್ನೂ ನೋಡದೆ ನೆಲದ ಕೂದಲು ಗುಡಿಸತೊಡಗಿದ.

ಆಮೇಲೆ ಅಂಗಡಿಯ ಫೋನು ಬಡಿದುಕೊಂಡಿತು. ಗ್ಯಾರಿ ಊರಿನಿಂದ ಲೂಷಿಯಸ್‌ನ ತಾಯಿ.

"ಕ್ಲಿಯೋಫಸಣ್ಣ, ಕೇಳಿದ್ಯಾ? ನನ್ನ ಮಗ ದಕ್ಷಿಣದಲ್ಲಿ ಆಡಿದ. ಬಿಳಿಯರ ನಡುವೆ. ಚರ್ಚಿನೋರೆಲ್ಲ ನಮ್ಮನೇಲೇ ಇದಾರೆ. ಅವನು ಬಂದ ಕೂಡ್ಲೇ ಹೇಳು, ಅಮ್ಮ ಅತ್ತಳು ಅಂತ."

ಕ್ಲಿಯೋಫಸ್ ಫೋನನ್ನು ಅಂಗೈಯಿಂದ ಮುಚ್ಚಿ ಲೂಷಿಯಸ್‌ನ ಕಡೆ ನೋಡಿದ. ಲೂಷಿಯಸ್ ಬೇಡವೆಂದು ತಲೆಯಾಡಿಸಿದ.

"ಹೇಳ್ತೀನಮ್ಮ," ಕ್ಲಿಯೋಫಸ್ ಅಂದ.

ಕಪ್ ಬರಲಿಲ್ಲ, ಮರುದಿನ ಸೋತರು. ಸೋಮವಾರ ಅಭ್ಯಾಸಕ್ಕೆ ಲೂಷಿಯಸ್ ಎಲ್ಲರಿಗಿಂತ ಮೊದಲೇ ಬಂದಿದ್ದ. ವೆಂಡೆಲ್ ಅವನ ಪಕ್ಕ ಕೂತ.

"ಏನೋ, ಮುನಿಸಾ?"

"ಇಲ್ವಲ್ಲ."

"ನೀನೇ ಹೋಗಿ ಅಂದ್ಯಲ್ಲ ಲೂಷ್. ನೀನೊಂದು ಮಾತು ಬೇಡ ಅಂದಿದ್ರೆ ನಾನು ಖಂಡಿತ ಇಲ್ಲೇ ಕೂತ್ಬಿಡ್ತಿದ್ದೆ. ಆಣೆ."

ಅದು ನಿಜವಿರಬಹುದು. ಅದೇ ಲೂಷಿಯಸ್‌ನ ಎದೆಯಲ್ಲಿ ಸಿಕ್ಕಿಕೊಂಡದ್ದು. ಸುಳ್ಳು ಎಂದು ಗೊತ್ತಾಗಿದ್ದರೆ ಒಂದು ಏಟು ಹೊಡೆದು ಮುಗಿಸುತ್ತಿದ್ದ.

"ಹೌದು. ನಾನೇ ಅಂದೆ," ಅಂದ.

ಫೆಬ್ರವರಿಯಲ್ಲಿ ತಂಡ ಸೋಲತೊಡಗಿತು. ಕೋಚ್ ಊಟ ಬದಲಿಸಿದ, ಆಟಗಾರರ ಜಾಗ ಬದಲಿಸಿದ, ಬೈದ. ಏನಾಗಿದೆಯೆಂದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಲೂಷಿಯಸ್ ಈಗ ಎಸೆಯುವ ಮೊದಲು ನೋಡುತ್ತಿದ್ದ. ಬೇಕೆಂದು ಮಾಡಿದ್ದಲ್ಲ. ವೆಂಡೆಲ್ ಅಲ್ಲಿ ಇದ್ದಾನೋ ಇಲ್ಲವೋ ಎಂದು ಕಣ್ಣು ತಾನಾಗಿ ತಿರುಗುತ್ತಿತ್ತು. ಅಷ್ಟರಲ್ಲಿ ಎದುರಾಳಿ ಅಡ್ಡ ಬಂದಿರುತ್ತಿದ್ದ.

ಕೊನೆಯ ಪಂದ್ಯ ತಮ್ಮದೇ ಅಂಗಳದಲ್ಲಿ. ಒಂದು ಅಂಕ ಹಿಂದಿದ್ದರು, ಕೆಲವೇ ಕ್ಷಣ ಉಳಿದಿದ್ದವು. ಚೆಂಡು ಲೂಷಿಯಸ್‌ನ ಕೈಯಲ್ಲಿತ್ತು. "ಲೂಷ್!" ಎಂದು ಬುಟ್ಟಿಯ ಕೆಳಗಿನಿಂದ ವೆಂಡೆಲ್ ಕೂಗಿದ. ಅವನ ಹತ್ತಿರ ಯಾರೂ ಇರಲಿಲ್ಲ. ಲೂಷಿಯಸ್ ನೋಡಿದ. ಇದ್ದಾನೆ, ಕೈ ಚಾಚಿ ನಿಂತಿದ್ದಾನೆ. ಆದರೂ ತೋಳು ಮುಂದಾಗಲಿಲ್ಲ. ಇನ್ನೊಮ್ಮೆ ನೋಡಿದ.

ಆಟ ಮುಗಿಯುವ ಗಂಟೆ ಬಾರಿಸಿದಾಗ ಚೆಂಡು ಅವನ ಕೈಯಲ್ಲೇ ಇತ್ತು.