ಕಹಿ ಪೊಟ್ಟಣ

"ತಲೆ ಕಡೆಯವರು ಸ್ವಲ್ಪ ಮೇಲಕ್ಕೆತ್ತಿ, ಗೋಡೆಗೆ ತಾಗುತ್ತೆ" ಎಂದು ಕೆಳಮನೆಯ ದರ್ಜಿ ಮೆಟ್ಟಿಲ ಬುಡದಿಂದ ಕೂಗಿದ.

ಎರಡನೇ ಮಹಡಿಯಿಂದ ಬಣ್ಣದ ಮೇಸ್ತ್ರಿಯನ್ನು ಇಳಿಸುತ್ತಿದ್ದರು. ಮೆಟ್ಟಿಲೋ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು, ಅಷ್ಟು ಇಕ್ಕಟ್ಟು. ಆ ಗೋಡೆಗೆ ತಿಳಿಹಸಿರು ಬಳಿದವನು ಮೇಸ್ತ್ರಿಯೇ. ಯಾರ ಭುಜ ಸವರಿದರೂ "ಏನ್ರೀ, ನಿಮ್ಮಪ್ಪನ ಮನೆ ಗೋಡೆಯಾ?" ಎಂದು ರೇಗುತ್ತಿದ್ದ. ಈಗ ಅವನೇ ಗೋಡೆಗೆ ಒರೆಸಿಕೊಂಡು ಇಳಿಯುತ್ತಿದ್ದ, ತುಟಿಪಿಟಕ್ಕೆನ್ನದೆ.

ತಲೆ ಕಡೆ ಹಿಡಿದಿದ್ದವನು ಮರಿ. ಮರಿ ಎಂದರೆ ಮೇಸ್ತ್ರಿಯ ತಮ್ಮ. ಅಣ್ಣನ ಜೊತೆಯಲ್ಲೇ ಬಣ್ಣದ ಕೆಲಸ ಮಾಡುತ್ತಿದ್ದವನು. ತಲೆ ಪೂರ್ತಿ ನರೆತಿದ್ದರೂ ಮನೆಯಲ್ಲಿ ಅವನಿಗೆ ಇನ್ನೂ ಅದೇ ಹೆಸರು. ಮೆಟ್ಟಿಲ ತಿರುವಿನಲ್ಲಿ ಅವನು ನಿಂತುಬಿಟ್ಟ. ಬಾಯಿ ತೆರೆಯಿತು, ಒಂದು ಕೈ ಎದೆಗೆ ಹೋಯಿತು. ದರ್ಜಿ ಓಡಿ ಬಂದು ಅವನ ಜಾಗಕ್ಕೆ ಹೆಗಲು ಕೊಟ್ಟ. ಅಣ್ಣ ಹೋದ ಸಂಕಟ, ಪಾಪ, ಎಂದುಕೊಂಡರು ಎಲ್ಲರೂ.

ಹಿಂದೆ ಇಳಿಯುತ್ತಿದ್ದ ಮೇಸ್ತ್ರಿಯ ಹೆಂಡತಿ ಹಾಗೆಂದುಕೊಳ್ಳಲಿಲ್ಲ. ಆ ಕೈ ಎದೆಯ ಮೇಲೆ ಹೋದ ಜಾಗ ಅವಳಿಗೆ ಚೆನ್ನಾಗಿ ಗೊತ್ತು. ಗಂಡನ ಕೈಯೂ ಒಂದು ಕಾಲಕ್ಕೆ ಅಲ್ಲಿಗೇ ಹೋಗುತ್ತಿತ್ತು. ಎದೆಬಡಿತ ಲಯ ತಪ್ಪಿ ಓಡುವ ಕಾಯಿಲೆ ಅಣ್ಣತಮ್ಮಂದಿರಿಬ್ಬರಿಗೂ ಇತ್ತು. ನಮ್ಮಪ್ಪ ಮಾಡಿಟ್ಟುಹೋದ ಆಸ್ತಿ ಇದೊಂದೇ, ಸಮಪಾಲು ಮಾಡಿಕೊಂಡಿದ್ದೇವೆ ಎಂದು ಮೇಸ್ತ್ರಿ ನಗಾಡುತ್ತಿದ್ದ.

ಸ್ಮಶಾನಕ್ಕೆ ಹೋಗುವ ಗಾಡಿ ತಡವಾಯಿತು. ಬೀದಿಯಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಕೂತರು. ಮೇಸ್ತ್ರಿಯ ಕಾಲ ಬಳಿ ಪುಡಿ ಪಂಡಿತರು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಬೇರು, ತೊಗಟೆ, ಎಲೆ ಒಣಗಿಸಿ ಕುಟ್ಟಿ ಪುಡಿ ಮಾಡಿ ಕೊಡುವುದೇ ಅವರ ಉದ್ಯೋಗ. ಮೋಸಗಾರರೇನಲ್ಲ, ಅವರ ಪುಡಿಯನ್ನು ಅವರಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ.

"ಜೀವ ಇರೋವರೆಗೂ ಮಾತ್ರೆ ನುಂಗು ಅಂದಿದ್ರು ಆಸ್ಪತ್ರೆಯವರು" ಎಂದು ಅವರು ಪಕ್ಕದವರಿಗೆ ಹೇಳುತ್ತಿದ್ದರು. "ಈ ಪುಣ್ಯಾತ್ಮ ಒಂದೇ ಒಂದು ಮುಟ್ಟಲಿಲ್ಲ. ಆರು ವರ್ಷ ಬರೀ ನನ್ನ ಪುಡಿ. ಏಣಿ ಹತ್ತಿ ಮೂರು ಮಹಡಿ ಬಳೀತಿದ್ದ. ಕಾಲ ಬಂತು, ಹೋದ. ಪುಡಿ ತಾನೇ ಏನು ಮಾಡುತ್ತೆ?"

ಎಲ್ಲರೂ ತಲೆಯಾಡಿಸಿದರು. ಯಾರೋ ಮೆಲ್ಲಗೆ, ಸಕ್ಕರೆ ಕಾಯಿಲೆಗೂ ಏನಾದರೂ ಇದೆಯಾ ಎಂದು ವಿಚಾರಿಸಿದರು. ಮೇಸ್ತ್ರಿಯ ಹೆಂಡತಿಗೆ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಗಂಡ ಕಣ್ಣೆದುರು ಮಲಗಿರುವಾಗ ಅವನ ಮಾನ ಕಳೆಯಲು ಅವಳಿಗೆ ಬಾಯಿ ಬರಲಿಲ್ಲ.

*

ಆರು ವರ್ಷದ ಹಿಂದೆ ಡಾಕ್ಟರು ಎರಡು ಮಾತ್ರೆ ಬರೆದುಕೊಟ್ಟಿದ್ದರು. ಒಂದು ಓಡುವ ಎದೆಗೆ ಲಗಾಮು, ಇನ್ನೊಂದು ರಕ್ತ ಹೆಪ್ಪುಗಟ್ಟದ ಹಾಗೆ. ಮೇಸ್ತ್ರಿ ಹದಿನೈದು ದಿನ ನುಂಗಿದ. ಕೈಕಾಲು ಬಿದ್ದುಹೋದ ಹಾಗಿರುತ್ತದೆ, ಏಣಿಯ ಮೇಲೆ ಕಣ್ಣು ಮಂಜಾಗುತ್ತದೆ ಎಂದು ಗೊಣಗಿದ. ಒಂದು ದಿನ ಪಂಡಿತರ ಪುಡಿ ತಂದಿಟ್ಟು, ಮಾತ್ರೆಯ ಪಟ್ಟಿಗಳನ್ನು ಕಸದ ಬುಟ್ಟಿಗೆ ಎಸೆದ.

ಅವಳು ಬೇಡಿಕೊಂಡಳು, ಅತ್ತಳು, ಮಾತು ಬಿಟ್ಟಳು. ಅವನು ಹಠ ಹಿಡಿದರೆ ಬಿಡುವ ಪೈಕಿಯಲ್ಲ. ನನ್ನ ಎದೆ, ನನ್ನಿಷ್ಟ ಎಂದುಬಿಟ್ಟ. ಸರಿ, ಹಾಗೇ ಆಗಲಿ ಎಂದು ಅವಳೂ ಸುಮ್ಮನಾದಳು. ಅವನು ಕೆಲಸಕ್ಕೆ ಹೋದ ಮೇಲೆ ಕಸದ ಬುಟ್ಟಿಯಿಂದ ಪಟ್ಟಿಗಳನ್ನು ಆರಿಸಿ ಒರೆಸಿಟ್ಟಳು. ಇವನ್ನು ಅರೆದು ಕೊಡಬಹುದೇ ಎಂದು ಔಷಧಿ ಅಂಗಡಿಯವನನ್ನು ಕೇಳಿಕೊಂಡು ಬಂದಳು. ಮರುದಿನದಿಂದ, ಗಂಡ ಸ್ನಾನಕ್ಕೆ ಹೋದಾಗ, ಪುಟ್ಟ ಕಲ್ಲಿನ ಕುಟ್ಟಾಣಿಯಲ್ಲಿ ಎರಡನ್ನೂ ನುಣ್ಣಗೆ ಅರೆದು ಒಂದು ಚಮಚ ಪುಡಿಗೆ ಬೆರೆಸಿ ಬಟ್ಟಲಲ್ಲಿ ಇಡತೊಡಗಿದಳು. ಪಟ್ಟಿ ಮುಗಿದಂತೆಲ್ಲ ಗುಟ್ಟಾಗಿ ಹೊಸದು ತರುತ್ತಿದ್ದಳು.

ಮೊದಲ ದಿನ ಅವನು ಕಣ್ಣು ಕಿವುಚಿ, ಗಲ್ಲ ಒಳಗೆಳೆದುಕೊಂಡು "ಏನೇ ಇದು, ಇಷ್ಟು ಕಹಿ?" ಎಂದ. ಮೇಸ್ತ್ರಿ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ವಾಲಿಸಿದ. ನೂರು ಬಿಳಿಗಳಲ್ಲಿ ಯಾವುದು ಯಾವ ಬಿಳಿ ಎಂದು ಹೇಳುವ ಕಣ್ಣು ಅವನದು. "ಬಣ್ಣಾನೂ ಒಂದೆಳೆ ತಿಳಿ" ಎಂದ. ಆಮೇಲೆ ಮುಖ ಅರಳಿತು. "ಪಂಡಿತ ಈ ಸಲ ಒಳ್ಳೇ ಮಾಲು ಕೊಟ್ಟಿದ್ದಾನೆ ಕಣೇ. ಕಹಿ ಇದ್ದರೇನೇ ಔಷಧಿ."

ತಿಂಗಳೊಳಗೆ ಎದೆ ಹದಕ್ಕೆ ಬಂತು. ಹೆಸರು ಪುಡಿಗೆ ಬಂತು. ಅವನು ಅಡುಗೆಮನೆಗೆ ಕಾಲಿಡುವ ಗಂಡಸಲ್ಲ, ಹಾಗಾಗಿ ಡಬ್ಬಿಯಲ್ಲಿದ್ದ ಪುಡಿ ಬಟ್ಟಲಿನದಕ್ಕಿಂತ ಗಾಢವಾಗಿದ್ದದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ. ಹೇಳಿಬಿಡಬೇಕು ಎಂದು ಅವಳು ಎಷ್ಟೋ ಸಲ ಅಂದುಕೊಂಡದ್ದುಂಟು. ಅವನು ಕೆಲಸದಿಂದ ಬಂದು, ಡಾಕ್ಟರನ್ನೇ ಸೋಲಿಸಿದೆ ನೋಡು ಎಂದು ಎದೆ ತಟ್ಟಿಕೊಂಡಾಗ ಮನಸ್ಸು ಬರುತ್ತಿರಲಿಲ್ಲ. ಜನ್ಮವಿಡೀ ಬೇರೆಯವರ ಗೋಡೆಗೆ ಬೇರೆಯವರು ಆರಿಸಿದ ಬಣ್ಣ ಬಳಿದವನು. ಅವನು ಗೆದ್ದದ್ದು ಇದೊಂದೇ.

ಎರಡು ತಿಂಗಳ ಹಿಂದೆ ಮರಿಯೂ ಮಾತ್ರೆ ಬಿಟ್ಟು ಪುಡಿ ಹಿಡಿದ. ಅಣ್ಣ ಆರು ವರ್ಷ ಗಟ್ಟಿಯಾಗಿಲ್ಲವೇ ಅತ್ತಿಗೆ ಎಂದ. ಗಂಡನಿಗೆ ತಿಳಿಯದ ಹಾಗೆ ಇವನಿಗೆ ಹೇಗೆ ಹೇಳುವುದೆಂದು ಅವಳಿಗೆ ಹೊಳೆಯಲಿಲ್ಲ. ಇವತ್ತು ನಾಳೆ ಎನ್ನುತ್ತಿರುವಾಗಲೇ ಅವಳ ಅಕ್ಕ ಬಿದ್ದು ಕಾಲು ಮುರಿದುಕೊಂಡಳು. ಒಂದು ವಾರ ಹೋಗಲೇಬೇಕಾಯಿತು. ದಿನಕ್ಕೊಂದರಂತೆ ಪುಡಿ ಬೆರೆಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ಒಂದೂ ತಪ್ಪಿಸಬೇಡಿ ಎಂದು ಹೇಳಿ ಹೋಗಿದ್ದಳು.

ವಾಪಸ್ಸು ಹೊರಡುವ ದಿನ ಫೋನ್ ಬಂತು. ಬರುವಷ್ಟರಲ್ಲಿ ಮೇಸ್ತ್ರಿಯ ಅರ್ಧ ಮೈ ಬಿದ್ದುಹೋಗಿ ಮಾತು ನಿಂತಿತ್ತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಮಾತ್ರೆ ತಗೊಳ್ತಿದ್ದರಾ ಎಂದು ಡಾಕ್ಟರು ಕೇಳಿದರು. ದಿನಾ ತಗೊಳ್ತಿದ್ದರು ಎಂದಳು. ಹಾಗಿದ್ದರೆ ಹೀಗಾಗುವುದು ಅಪರೂಪ ಎಂದು ಅವರು ಅವಳ ಮುಖ ನೋಡಿದರು. ಅವತ್ತಿನಿಂದ ಅವಳನ್ನು ಕೊರೆಯುತ್ತಿದ್ದದ್ದು ಅದೊಂದೇ. ಎಲ್ಲಿ ತಪ್ಪಿದೆ? ಅರೆಯುವುದರಲ್ಲೋ, ಕಟ್ಟುವುದರಲ್ಲೋ?

*

ಸ್ಮಶಾನದಿಂದ ಬಂದ ಜನ ಮಧ್ಯಾಹ್ನದ ಹೊತ್ತಿಗೆ ಚದುರಿದರು. ಮೆಟ್ಟಿಲು ಹತ್ತಿ ಬಂದ ಮರಿ ಅಡುಗೆಮನೆಯ ಹೊಸ್ತಿಲ ಬಳಿ ಕುಸಿದು ಕೂತ. ಅಂಗಿಯ ಮೇಲಿಂದಲೇ ಎದೆ ಕಾಣುವಷ್ಟು ಜೋರಾಗಿ ಉಸಿರಾಡುತ್ತಿದ್ದ.

"ಅತ್ತಿಗೆ, ಕೇಳಬಾರದ ಹೊತ್ತಲ್ಲಿ ಕೇಳ್ತಿದ್ದೀನಿ. ಅಣ್ಣನ ಕಹಿ ಪೊಟ್ಟಣ ಇನ್ನೂ ಇದೆಯಾ?"

"ಯಾವ ಪೊಟ್ಟಣ?"

"ನೀವು ಊರಿಗೆ ಹೋಗುವಾಗ ಕಟ್ಟಿಟ್ಟಿದ್ರಲ್ಲ. ಅವತ್ತೇ ಸಾಯಂಕಾಲ ಬಂದಿದ್ದೆ. ನನ್ನ ಪುಡಿ ಸಪ್ಪೆ, ಏನೂ ಹಿಡೀತಿಲ್ಲ ಅಂದೆ. ಅಣ್ಣ, ನಿಂದು ಬಣ್ಣಾನೇ ಮಬ್ಬು ಕಣೋ, ನಂದು ತಗೋ ಅಂತ ಅಷ್ಟನ್ನೂ ನನ್ನ ಜೇಬಿಗೆ ತುರುಕಿದ. ನಂದನ್ನ ಅವನಿಟ್ಕೊಂಡ. ನಾನು ಗಟ್ಟಿ ಇದ್ದೀನಿ, ಒಂದು ವಾರ ಸಪ್ಪೆ ತಿಂದ್ರೆ ಸಾಯಲ್ಲ ಅಂದ." ಮರಿ ಮೂಗು ಒರೆಸಿಕೊಂಡ. "ಆ ವಾರ ಎಷ್ಟು ಹಾಯಾಗಿದ್ದೆ ಗೊತ್ತಾ ಅತ್ತಿಗೆ? ಈಗ ಖಾಲಿಯಾಗಿದೆ. ಮತ್ತೆ ಶುರುವಾಗಿದೆ."

ಅರೆಯುವುದರಲ್ಲಿ ತಪ್ಪಿರಲಿಲ್ಲ. ಕಟ್ಟುವುದರಲ್ಲೂ ತಪ್ಪಿರಲಿಲ್ಲ. ಇಡೀ ವಾರ ಗಂಡನ ಹೊಟ್ಟೆಗೆ ಮಾತ್ರೆಯ ಒಂದು ಕಣವೂ ಹೋಗಿರಲಿಲ್ಲ. ತಮ್ಮನ ಮೇಲಿನ ಅಕ್ಕರೆಗೆ ಅವನು ತನ್ನ ಜೀವವನ್ನೇ ಪೊಟ್ಟಣ ಸಮೇತ ಎತ್ತಿಕೊಟ್ಟಿದ್ದ, ತನಗೆ ಗೊತ್ತಿಲ್ಲದೆ. ಅವಳಿಗೆ ಗಂಡನ ಮೇಲೆ ಕೆಂಡದಂಥ ಕೋಪ ಬಂತು. ಹಿಂದೆಯೇ ಅಳು ಬಂತು.

ಹೇಳಿದರೆ, ಅಣ್ಣನನ್ನು ಕೊಂದವನು ನಾನೇ ಎಂದುಕೊಂಡು ಇವನು ಉಳಿದ ಆಯುಷ್ಯ ಕೊರಗುತ್ತಾನೆ. ಹೇಳದಿದ್ದರೆ, ನಾಳೆಯೋ ನಾಡಿದ್ದೋ ಇವನನ್ನೂ ಹೀಗೇ ಯಾವುದೋ ಮೆಟ್ಟಿಲಿಂದ ಇಳಿಸಬೇಕಾಗುತ್ತದೆ. ಅವಳು ಈ ಮನೆಗೆ ಬಂದಾಗ ಅವನು ಹರಿದ ಚಡ್ಡಿಯ ಶಾಲೆ ಹುಡುಗ. ಆ ಚಡ್ಡಿ ಹೊಲಿದುಕೊಟ್ಟವಳು ಇವಳು. ಸ್ವಂತ ಮಕ್ಕಳಾಗದ ಮೇಲೆ ಮರಿ ಎಂಬ ಹೆಸರು ಅವನಿಗೇ ಉಳಿದುಹೋಗಿತ್ತು.

ಡಬ್ಬಿಗಳ ಹಿಂದಿನಿಂದ ಕುಟ್ಟಾಣಿಯನ್ನೂ ಮಾತ್ರೆಯ ಎರಡು ಪಟ್ಟಿಗಳನ್ನೂ ತೆಗೆದು ಅವನ ಮುಂದಿಟ್ಟಳು.

"ಕಹಿ ಪುಡಿದಲ್ಲ ಮರಿ. ಇದರದ್ದು."

ಅವನು ಪಟ್ಟಿಗಳನ್ನು ತಿರುಗಿಸಿ ನೋಡಿದ. "ಇವು ನಂಗೂ ಬರೆದುಕೊಟ್ಟಿದ್ದ ಮಾತ್ರೆ."

"ನಿಮ್ಮಣ್ಣಂಗೂ ಇವೇ. ಆರು ವರ್ಷ ದಿನಾ ಅರೆದು ಪುಡೀಲಿ ಬೆರೆಸಿ ಕೊಟ್ಟೆ. ಅವರಿಗೆ ಗೊತ್ತಿರಲಿಲ್ಲ. ಇನ್ನು ನೀನು ಪುಡಿ ಪುಡಿ ಅನ್ನಬೇಡ. ಬೆಳಿಗ್ಗೆ ನಾನೇ ನಿನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ."

ಮರಿ ಕುಟ್ಟಾಣಿಯ ತಳವನ್ನು ಬೆರಳಿನಿಂದ ಸವರಿದ. "ಹಾಗಾದ್ರೆ ಆ ವಾರ ಅಣ್ಣ..."

"ಅವರಿಗೆ ಬೇರೆ ಬೆರೆಸಿಟ್ಟಿದ್ದೆ" ಎಂದಳು ತಕ್ಷಣ. "ಆ ಡಬ್ಬೀಲಿ. ಪೊಟ್ಟಣ ಸಾಲದಿದ್ರೆ ಇರಲಿ ಅಂತ. ಅದನ್ನ ತಗೊಂಡಿರ್ತಾರೆ."

ಸುಳ್ಳನ್ನು ನೆಟ್ಟಗೆ ನಿಲ್ಲಿಸುವುದನ್ನು ಅವಳು ಆರು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದಳು.

"ನಿಜವಾಗ್ಲೂ, ಅತ್ತಿಗೆ?"

"ನಿಜವಾಗ್ಲೂ."

ಎರಡು ಮಾತ್ರೆ ಬಿಡಿಸಿ ಅವನ ಅಂಗೈಗೆ ಹಾಕಿ, ಒಂದು ಲೋಟ ನೀರು ಕೊಟ್ಟಳು. ಹಿಂದೆಲ್ಲ ಅವನು ಅವನ್ನು ನೀರಿನ ಜೊತೆ ಗುಳುಕ್ಕನೆ ನುಂಗಿದವನು. ರುಚಿ ಎಂದೂ ನೋಡಿರಲಿಲ್ಲ. ಈಗ ಹಲ್ಲಿನ ನಡುವೆ ಇಟ್ಟು ಕಚ್ಚಿದ. ಕಣ್ಣು ಕಿವುಚಿಕೊಂಡಿತು, ಗಲ್ಲ ಒಳಗೆ ಸರಿಯಿತು. ಪ್ರತಿ ಬೆಳಿಗ್ಗೆ ಅವಳು ನೋಡುತ್ತಿದ್ದ ಮುಖ ಅದೇ.

"ಅದೇ ಕಹಿ" ಎಂದ.

ಆಮೇಲೆ ಎದ್ದ. ಅವಳು ತಡೆಯುವಷ್ಟರಲ್ಲಿ ಗೂಡಿನಿಂದ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಕಿಟಕಿಯ ಬೆಳಕಿಗೆ ವಾಲಿಸಿದ, ಅಣ್ಣ ಕಲಿಸಿದ ಹಾಗೆಯೇ. ಪುಡಿ ಗಾಢ ಕಂದು ಬಣ್ಣದ್ದಾಗಿತ್ತು. ಅವನ ಮನೆಯ ಪುಡಿಯ ಬಣ್ಣವೇ. ಆ ಪೊಟ್ಟಣಗಳ ಪುಡಿಯ ಹಾಗೆ ಒಂದೆಳೆಯೂ ತಿಳಿಯಾಗಿರಲಿಲ್ಲ.

ಮುಚ್ಚಳ ಬಿಗಿಯಾಗಿ ತಿರುಗಿಸಿ ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು, ಬಂದು ಹೊಸ್ತಿಲ ಬಳಿ ಕೂತ. ನೀರು ಕುಡಿ ಮರಿ ಎಂದು ಅವಳು ಲೋಟವನ್ನು ಅವನ ಕಡೆ ಸರಿಸಿದಳು. ಅವನು ಲೋಟ ಮುಟ್ಟಲಿಲ್ಲ. ಬಾಯಿ ತುಂಬ ಆ ಕಹಿಯನ್ನು ಹಾಗೇ ಇಟ್ಟುಕೊಂಡು ಕೂತಿದ್ದ.