ಕಳಕಪ್ಪನ ಹೊಟ್ಟೆಯೊಳಗಿನ ಮದ್ದು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆ. ಕಾರಟಗಿಯ ಕಳಕಪ್ಪನ ಮನೆಯಲ್ಲಿ ಮಾತ್ರ ಕಾಮಾಲೆ ಆದದ್ದು ಅಣ್ಣನಿಗೆ, ಹಳದಿ ಕಂಡದ್ದು ತಂಗಿಗೆ. ತಂಗಿ ಶಿವಗಂಗವ್ವನನ್ನು ಕುಷ್ಟಗಿಗೆ ಕೊಟ್ಟಿದ್ದರು. ಅಣ್ಣನ ಕಣ್ಣು ಅರಿಶಿನ ಆಗಿವೆ, ಮೈಯೆಲ್ಲ ತುರಿಕೆ, ಹಾಕಿದ ಅಂಗಿ ಜೋಲುತ್ತಿದೆ ಎಂದು ಸುದ್ದಿ ಮುಟ್ಟಿದ್ದೇ ತಡ, ಮರುದಿನ ಬಸ್ಸಿನಿಂದ ಇಳಿದಳು. ಅಣ್ಣನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಣ್ಣನ ಹೆಂಡತಿ ಪಾರ್ವತೆಮ್ಮನನ್ನು ನೋಡಿದಳು.

"ಇದು ಬರೇ ಕಾಮಣಿ ಅಲ್ಲಣ್ಣಾ. ನಿನಗ ಯಾರೋ ಮದ್ದ ಹಾಕ್ಯಾರ," ಅಂದಳು.

ಆ ಯಾರೋ ಯಾರು ಎಂಬುದು ಮನೆಯ ಬೆಕ್ಕಿಗೂ ತಿಳಿಯಿತು. ಮದ್ದು ಹಾಕುವುದೆಂದರೆ ಅನ್ನದಲ್ಲೋ ಪಲ್ಯದಲ್ಲೋ ಏನೋ ಒಂದನ್ನು ಬೆರೆಸಿ ಗಂಡನನ್ನು ಕೈವಶ ಮಾಡಿಕೊಳ್ಳುವುದು. ಅದು ಹೊಟ್ಟೆಯೊಳಗೆ ಕೂದಲು ಸುತ್ತಿಕೊಂಡು ಗಂಟಾಗಿ ಕೂರುತ್ತದೆ, ಮನುಷ್ಯನನ್ನು ದಿನಾ ಒಂದಿಷ್ಟು ಒಣಗಿಸುತ್ತದೆ ಎಂದು ಆ ಕಡೆ ಜನ ನಂಬುತ್ತಾರೆ. ಹಾಕುವವಳು ಯಾವಾಗಲೂ ಹೆಂಡತಿಯೇ. ತಂಗಿ ಮದ್ದು ಹಾಕಿದಳು ಎಂದು ಇವತ್ತಿನವರೆಗೆ ಯಾರೂ ಹೇಳಿದ್ದಿಲ್ಲ.

ಶಿವಗಂಗವ್ವನ ಹೊಟ್ಟೆಯಲ್ಲೂ ಒಂದು ಗಂಟಿತ್ತು, ಅದು ಯಾವ ಸ್ಕ್ಯಾನಿಂಗಿನಲ್ಲೂ ಕಾಣುವಂಥದ್ದಲ್ಲ. ಅಣ್ಣನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಹೇಳಿಕೊಂಡು ಬಂದಿದ್ದಳು. ಪಾರ್ವತೆಮ್ಮ ಒಲ್ಲೆ ಅಂದಳು. ತನ್ನ ಭತ್ತದ ದಲಾಲಿ ಅಂಗಡಿಯಲ್ಲಿ ಯಾರ ಮಾತನ್ನೂ ಕೇಳದ ಕಳಕಪ್ಪ ಆ ಒಂದು ವಿಷಯದಲ್ಲಿ ಹೆಂಡತಿಯ ಮಾತು ಕೇಳಿ ಮಗಳನ್ನು ಸಿಂಧನೂರಿಗೆ ಕೊಟ್ಟ. ಅಣ್ಣ ಹೆಂಡತಿಯ ಮಾತು ಕೇಳಬೇಕಾದರೆ ಮದ್ದಿಲ್ಲದೆ ಹೇಗಾದೀತು? ತಂಗಿಯ ಲೆಕ್ಕ ಅವತ್ತೇ ಮುಗಿದಿತ್ತು.

ಪಾರ್ವತೆಮ್ಮ ಬಾಯಿಗೆ ಬಾಯಿ ಕೊಡುವವಳೇ. ಆದರೆ ಗಂಡನ ಕಣ್ಣು ನೋಡಿ ಅವಳ ಎದೆ ಒಡೆದಿತ್ತು. ಜಗಳ ಆಮೇಲೆ ಆಡಿದರಾಯಿತು ಎಂದು ಗಂಡನನ್ನು ಕಾರಿನಲ್ಲಿ ಕೂರಿಸಿಕೊಂಡು ಕೊಪ್ಪಳಕ್ಕೆ ಹೊರಟಳು. ಕರೆಯದಿದ್ದರೂ ಶಿವಗಂಗವ್ವ ಮುಂದಿನ ಸೀಟಿನಲ್ಲಿ ಕೂತಳು.

ಕೊಪ್ಪಳದ ದವಾಖಾನೆಯಲ್ಲಿ ಡಾಕ್ಟರ್ ಲಲಿತಾ ಎಂಬಾಕೆ ಇದ್ದಳು. ಯಲಬುರ್ಗಾದ ಹುಡುಗಿ, ಹೊಟ್ಟೆಯ ಕ್ಯಾನ್ಸರಿನ ಆಪರೇಷನ್ ಕಲಿತು ಬಂದವಳು. ಸ್ಕ್ಯಾನಿಂಗಿನ ಚಿತ್ರ ಹಿಡಿದು ವಿವರಿಸಿದಳು. "ಇದು ಮೇದೋಜೀರಕ. ಇದರ ತಲಿ ಕಡೆ ಗಡ್ಡಿ ಬೆಳದೈತ್ರಿ. ಕ್ಯಾನ್ಸರ್ ಅದು. ಪಿತ್ತ ಇಳಿಯೋ ದಾರಿ ಒತ್ತಿ ಹಿಡದೈತಿ, ಅದಕ್ಕ ಕಾಮಣಿ. ಪುಣ್ಯಾಕ್ಕ ಲಿವರ್‌ಗೆ ಇನ್ನೂ ಹತ್ತಿಲ್ಲ."

ಕ್ಯಾನ್ಸರ್ ಎಂಬ ಮಾತಿಗೆ ಪಾರ್ವತೆಮ್ಮ ಗಂಡನ ತೋಳು ಹಿಡಿದಳು. ಶಿವಗಂಗವ್ವನ ಕಿವಿಗೆ ಬಿದ್ದದ್ದು ಗಡ್ಡಿ ಎಂಬ ಮಾತು ಒಂದೇ.

ಮೊದಲು ಗಡ್ಡೆ ಕೊಯ್ದು ಆಮೇಲೆ ಕೀಮೋ ಔಷಧ ಕೊಡುವುದೋ, ಮೊದಲು ಔಷಧ ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಕೊಯ್ಯುವುದೋ, ಯಾವುದರಿಂದ ರೋಗಿ ಹೆಚ್ಚು ಬದುಕುತ್ತಾನೆ ಎಂದು ಲಲಿತಾ ಮತ್ತು ಬೇರೆ ಊರುಗಳ ಸರ್ಜನ್ನರು ಸೇರಿ ನೋಡುತ್ತಿದ್ದರು. ಯಾರಿಗೆ ಯಾವ ದಾರಿ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತಿತ್ತು. ಇಷ್ಟನ್ನು ಚೆನ್ನಾಗಿಯೇ ಹೇಳಿದ ಲಲಿತಾ ಕಡೆಗೆ ಒಂದು ಪುಸ್ತಕದ ಮಾತು ಆಡಿ ಕೆಟ್ಟಳು.

"ಇದೊಂದು ಪ್ರಯೋಗ್ರಿ. ನಿಮಗ ಒಪ್ಪಿಗಿ ಇದ್ರ ಸೇರಬಹುದು."

ಶಿವಗಂಗವ್ವ ಕುರ್ಚಿಯಿಂದ ಎದ್ದೇ ಬಿಟ್ಟಳು. "ಕೇಳಿದ್ಯಾ ಅಣ್ಣಾ? ನಾ ಅಂದ್ರ ಸುಳ್ಳು. ಈಗ ಡಾಕ್ಟರ ಬಾಯಿಂದನ ಬಂತು, ಪ್ರಯೋಗ ಆಗೈತಿ ಅಂತ."

ಮಾಟ ಮಾಡಿಸುವುದಕ್ಕೂ ಊರಲ್ಲಿ ಅದೇ ಹೆಸರು ಎಂಬುದು ಲಲಿತಾಗೆ ಆಗ ಹೊಳೆಯಿತು. "ಆ ಪ್ರಯೋಗ ಅಲ್ರಿ ಅಮ್ಮಾ. ಸಂಶೋಧನಾ. ಅಭ್ಯಾಸ ಅಂತ ತಿಳ್ಕೋರಿ," ಎಂದು ಹತ್ತು ರೀತಿಯಲ್ಲಿ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಳಕಪ್ಪ ಹೆಂಡತಿಯ ಕಡೆ ತಿರುಗಿ ನೋಡಿದ. ಹಳದಿ ಕಣ್ಣಿನ ಆ ನೋಟವನ್ನು ಪಾರ್ವತೆಮ್ಮ ಸಾಯುವ ತನಕ ಮರೆಯಲಾರಳು.

"ತೆಗದ ಗಂಟು ನಮ್ಮವರಿಗೆ ತೋರಸ್ತೀರೇನ್ರಿ?" ಎಂದು ಅವನು ಡಾಕ್ಟರನ್ನು ಕೇಳಿದ.

"ತೋರಸ್ತೀವ್ರಿ. ಎಲ್ಲಾರಿಗೂ ತೋರಸ್ತೀವಿ."

"ಹಂಗಾದ್ರ ಒಪ್ಪಿಗಿ ಐತಿ," ಅಂದ. ಕಂಪ್ಯೂಟರ್ ಅವನಿಗೆ ಮೊದಲು ಔಷಧ, ಆಮೇಲೆ ಆಪರೇಷನ್ ಎಂದು ಆರಿಸಿತು. ಪಿತ್ತದ ದಾರಿಗೆ ಒಂದು ಸಣ್ಣ ನಳಿಗೆ ಕೂರಿಸಿದರು, ಹಳದಿ ಇಳಿಯತೊಡಗಿತು. ಮನೆಗೆ ಕಳಿಸುವಾಗ ಲಲಿತಾ ಪಾರ್ವತೆಮ್ಮನನ್ನು ಪಕ್ಕಕ್ಕೆ ಕರೆದಳು.

"ಈ ಔಷಧಕ್ಕ ಬಾಯಿ ರುಚಿ ಹೋಗತೈತಿ, ವಾಂತಿ ಆಗತೈತಿ. ಆದ್ರೂ ಊಟ ಬಿಡಬಾರದು. ತೂಕ ಇಳದ್ರ ನಾ ಕತ್ತರಿ ಹಿಡಿಯಂಗಿಲ್ಲ. ಇವರನ್ನ ಉಳಸೋದು ಅರ್ಧ ನನ್ನ ಕೈಯಾಗ, ಅರ್ಧ ನಿಮ್ಮ ಕೈಯಾಗ ಐತಿ."

ಪಾರ್ವತೆಮ್ಮನ ಕೈಯಲ್ಲಿದ್ದ ಆ ಅರ್ಧವನ್ನು ಕಳಕಪ್ಪ ಅವತ್ತೇ ಕಿತ್ತುಕೊಂಡ. ಮನೆಗೆ ಬಂದು ತಾಟಿನ ಮುಂದೆ ಕೂತವನು ತಾಟನ್ನು ಸರಿಸಿದ. "ನಿನ್ನ ಕೈಯಾಂದು ಉಣ್ಣಂಗಿಲ್ಲ," ಅಂದ. ಕೂಗಾಡಲಿಲ್ಲ. ಚೀಲದಲ್ಲಿ ಕೈ ಹಾಕಿ ಭತ್ತ ನೋಡಿ, ಬ್ಯಾಡ ಎನ್ನುವಾಗಿನ ದನಿ. ಮದುವೆಯಾದಂದಿನಿಂದ ಅವನಿಗೆ ಬೇಯಿಸಿ ಹಾಕಿದವಳು ತಾಟನ್ನು ಎತ್ತಿಕೊಂಡು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಅಳು ಮುಗಿದ ಮೇಲೆ ಅವಳಿಗೆ ಬಂದದ್ದು ಸಿಟ್ಟು, ಅದು ಮತ್ತೆ ಇಳಿಯಲಿಲ್ಲ.

ಶಿವಗಂಗವ್ವ ಕೆಲವು ದಿನ ತಾನೇ ಅಡುಗೆ ಮಾಡಿ ಹಾಕಿದಳು. ಖಾರ ಕಂಡರೆ ಓಡುವ ಬಾಯಿಗೆ ಮೆಣಸಿನಕಾಯಿ ಅರೆದ ಕೆಂಪಿಂಡಿ ಚಟ್ನಿ, ಗಟ್ಟಿ ರೊಟ್ಟಿ. ಕಳಕಪ್ಪ ಉಂಡದ್ದಕ್ಕಿಂತ ಕಕ್ಕಿದ್ದೇ ಹೆಚ್ಚು. ಕುಷ್ಟಗಿಯಿಂದ ಗಂಡನ ಫೋನಿನ ಮೇಲೆ ಫೋನು ಬಂದಾಗ ಅಣ್ಣನ ಮೇಲಿನ ಪ್ರೀತಿಗೂ ಒಂದು ಮಿತಿ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರದ ಪಂಪಾಪತಿಯ ಖಾನಾವಳಿಗೆ ಹೋಗಿ ದಿನಾ ಎರಡು ಹೊತ್ತು ಊಟದ ಡಬ್ಬಿ ಕಳಿಸುವಂತೆ ಹೇಳಿದಳು. "ಅಣ್ಣಾ, ಡಬ್ಬಿ ಅಲ್ಲದ ಒಂದು ಅಗಳೂ ಮುಟ್ಟಬ್ಯಾಡ," ಎಂದು ಹೇಳಿ ಬಸ್ಸು ಹತ್ತಿದಳು.

ಮನೆಯಲ್ಲಿ ಹೆಂಡತಿ ಇದ್ದು, ಅಂಗಡಿಯಲ್ಲಿ ಸೋನಾಮಸೂರಿ ಮೂಟೆ ಮೂಟೆ ಇದ್ದು, ಕಳಕಪ್ಪನ ಮನೆಗೆ ಖಾನಾವಳಿ ಡಬ್ಬಿ ಬರುವುದನ್ನು ಇಡೀ ಓಣಿ ನೋಡಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದರೆ ಎಲ್ಲ ಗೊತ್ತಾಗಿದೆ ಎಂದೇ ಅರ್ಥ. ಪಾರ್ವತೆಮ್ಮ ಎದುರು ಬಂದರೆ ಹೆಂಗಸರು ಸೆರಗು ಸರಿಮಾಡಿಕೊಂಡು ಪಕ್ಕದ ಮನೆ ಹೊಕ್ಕುಬಿಡುತ್ತಿದ್ದರು.

ಮೊದಲ ಡಬ್ಬಿಯಲ್ಲಿ ಎಣ್ಣೆ ತೇಲುವ ಬದನೆಯ ಎಣಗಾಯಿ ಬಂತು. ಕಳಕಪ್ಪ ವಾಸನೆಗೇ ಎದ್ದು ಬಚ್ಚಲಿಗೆ ಓಡಿದ. ಹೀಗೇ ಹೋದರೆ ಇವನು ಕತ್ತರಿಯ ತನಕ ಮುಟ್ಟುವುದಿಲ್ಲ ಎಂದು ಪಾರ್ವತೆಮ್ಮನಿಗೆ ಖಾತ್ರಿಯಾಯಿತು. ಖಾನಾವಳಿಗೆ ಹೋಗಿ ಪಂಪಾಪತಿಯ ಎದುರು ನಿಂತಳು.

"ಪಂಪಣ್ಣಾ, ನಾಳಿಯಿಂದ ಖಾಲಿ ಡಬ್ಬಿ ನಮ್ಮ ಹಿತ್ತಲ ಬಾಗಲಕ್ಕ ತಗೊಂಡು ಬಾ. ತುಂಬಿ ಕೊಡತೀನಿ. ಓಣಿ ಸುತ್ತಿ ಮುಂದಿನ ಬಾಗಲಾಗ ಕೊಡು."

ಪಂಪಾಪತಿ ಗಲ್ಲ ಕೆರೆದುಕೊಂಡ. "ಅಕ್ಕಾರ, ಏನರ ಹೆಚ್ಚುಕಡಿಮಿ ಆದ್ರ ನನ್ನ ಖಾನಾವಳಿ ಹೆಸರು ಹೋಗತೈತ್ರಿ."

"ನೀನೂ ನಂಬಿದಿ ಏನು?"

ಅವನು ತಲೆ ತಗ್ಗಿಸಿದ. ಮರುದಿನ ಹಿತ್ತಲ ಬಾಗಿಲಿಗೆ ಬಂದ.

ಹೀಗೆ ಶುರುವಾಯಿತು ಆ ಮನೆಯ ಹೊಸ ನಾಟಕ. ಮೆತ್ತನೆಯ ನುಚ್ಚು, ಹುಳಿಯಾಗದ ಮೊಸರು, ಹೆಸರುಬೇಳೆ ಕಟ್ಟಿನ ಸಾರು, ಬೆಂದ ತೊಗರಿಯ ಪಲ್ಯ. ಔಷಧ ಹತ್ತಿಸಿದ ದಿನ ನಿಂಬೆಹುಳಿ ಹಿಂಡಿದ ಗಂಜಿ. ಹಿತ್ತಲಿಂದ ಹೊರಟ ಡಬ್ಬಿ ಓಣಿ ಸುತ್ತಿ ಪಡಸಾಲೆಗೆ ಬರುವ ಹೊತ್ತಿಗೆ ಪಾರ್ವತೆಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಒಳಗೆ ಕಂಬದಂತೆ ಕೂತಿರುತ್ತಿದ್ದಳು. ಕಳಕಪ್ಪ ಉಂಡು ತೇಗುತ್ತಿದ್ದ. ಒಂದು ದಿನ ಅವಳಿಗೆ ಕೇಳಲೆಂದೇ ದನಿ ಎತ್ತಿ ಅಂದ: "ಊಟ ಅಂದ್ರ ಪಂಪಾಪತಿ ಊಟ. ಇಷ್ಟು ವರ್ಷ ನಾ ಏನು ತಿಂದೆನೋ ಏನೋ."

ಪಾರ್ವತೆಮ್ಮ ಒಳಗೆ ಹಲ್ಲು ಕಚ್ಚಿದಳು. ನಿನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದಳು. ಮರುದಿನ ನುಚ್ಚಿಗೆ ಇನ್ನೊಂದು ಚಮಚ ಮೊಸರು ಹೆಚ್ಚು ಹಾಕಿದಳು. ಅವನು ಸಾಯಬಾರದು. ಸತ್ತರೆ ಕೊಂದವಳು ಅವಳೇ ಎಂದು ಕುಷ್ಟಗಿಯಿಂದ ಕಾರಟಗಿಯ ತನಕ ಜನ ಹೇಳುವರು. ಅದಕ್ಕಿಂತ ಹೆಚ್ಚಾಗಿ, ಇಷ್ಟು ಅವಮಾನ ಮಾಡಿದ ಮೇಲೂ ಅವನಿಲ್ಲದ ಪಡಸಾಲೆಯನ್ನು ನೆನೆಯಲು ಅವಳಿಗೆ ಆಗುತ್ತಿರಲಿಲ್ಲ. ಅದೂ ಅವಳಿಗೊಂದು ಸಿಟ್ಟು.

ಔಷಧದ ಸುತ್ತುಗಳು ಮುಗಿದವು. ಹೊಸ ಸ್ಕ್ಯಾನಿಂಗಿನಲ್ಲಿ ಗಡ್ಡೆ ಕುಗ್ಗಿತ್ತು, ತೂಕ ಇಳಿದಿರಲಿಲ್ಲ. ಆಪರೇಷನ್ನಿನ ದಿನ ಬೆಳಗ್ಗೆ ಒಳಗೆ ಹೋದವನು ಸಂಜೆಯಾದರೂ ಹೊರಗೆ ಬರಲಿಲ್ಲ. ಬೆಂಚಿನ ಒಂದು ತುದಿಗೆ ಹೆಂಡತಿ, ಇನ್ನೊಂದು ತುದಿಗೆ ತಂಗಿ ಕೂತಿದ್ದರು. ನಡುವೆ ನಾಲ್ಕು ಜನ ಕೂರುವಷ್ಟು ಜಾಗ ಖಾಲಿ ಇತ್ತು. ಬಂದವರು ಅಲ್ಲಿ ಕೂರದೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು.

ಕಡೆಗೆ ಬಾಗಿಲು ತೆರೆಯಿತು. ಲಲಿತಾ ಸ್ಟೀಲ್ ಟ್ರೇ ಹಿಡಿದು ಬಂದಳು. "ಎಲ್ಲಾ ಛಲೋ ಆತ್ರಿ. ಇದು ತೆಗದ ಭಾಗ. ಇದರಾಗಿನ ಒಂದು ಚೂರು ನಮ್ಮ ಸಂಶೋಧನಾಕ್ಕ ಹೋಗತೈತಿ, ಉಳಿದದ್ದು ಪರೀಕ್ಷಾಕ್ಕ."

ಪಾರ್ವತೆಮ್ಮ ಒಂದು ಸಲ ನೋಡಿ ಕಣ್ಣು ಮುಚ್ಚಿದಳು. ಶಿವಗಂಗವ್ವ ಮೂಗಿಗೆ ಸೆರಗು ಹಿಡಿದು ಟ್ರೇ ಮೇಲೆ ಬಗ್ಗಿದಳು. "ಒಳಗ ಕೂದಲಾ ಇದ್ದುವೇನ್ರಿ?"

"ಕೂದಲಾ? ಇಲ್ರೀ."

"ಕರಗಿರಬೇಕು," ಅಂದಳು ಶಿವಗಂಗವ್ವ. "ಹಳೇ ಮದ್ದು ಕರಗಿ ಮಾಂಸ ಆಗತೈತಂತ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಮುಂದಿನಿಂದ ಡಾಕ್ಟರ್ ಟ್ರೇ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಕಳಕಪ್ಪನನ್ನು ವಾರ್ಡಿಗೆ ತಂದರು. ಕೆಲವು ದಿನ ಕಳೆದು ಮೂಗಿನ ನಳಿಗೆ ತೆಗೆದ ಮೇಲೆ, ಇವತ್ತು ತೆಳ್ಳಗಿನ ಗಂಜಿ ಕೊಡಬಹುದು ಎಂದು ಲಲಿತಾ ಹೇಳಿದಳು. ತಂಗಿ ಕಾಲ ಬುಡದಲ್ಲಿ ಕೂತಿದ್ದಳು. ಪಾರ್ವತೆಮ್ಮ ಥರ್ಮಾಸ್ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು.

"ನಮ್ಮ ಸಂಶೋಧನಾದಾಗ ಭಾಳ ಮಂದಿ ಔಷಧದ ಹೊತ್ತಿನಾಗನ ಸೊರಗಿ ಹೋಗ್ಯಾರ," ಎಂದಳು ಲಲಿತಾ. "ನೀವು ಗಟ್ಟಿ ಉಳದ್ರಿ. ಏನು ಊಟ ಮಾಡಿದ್ರಿ?"

"ಖಾನಾವಳಿ ಊಟ್ರಿ. ನಮ್ಮ ತಂಗಿ ಗೊತ್ತು ಮಾಡಿದ್ಲು," ಅಂದ ಕಳಕಪ್ಪ.

ಶಿವಗಂಗವ್ವ ಹೆಮ್ಮೆಯಿಂದ ಸೆರಗು ಹೊದ್ದಳು. ಪಾರ್ವತೆಮ್ಮ ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಒಂದು ತುತ್ತೂ ಖಾನಾವಳೀದಲ್ರಿ ಡಾಕ್ಟರ," ಅಂದಳು. "ಡಬ್ಬಿ ಪಂಪಾಪತೀದು, ಅಡಿಗಿ ನಂದು. ಹಿತ್ತಲದಾಗ ತುಂಬಿ ಕೊಟ್ಟೀನಿ, ಇವರು ಪಡಸಾಲ್ಯಾಗ ಕುಂತು ಉಂಡಾರ. ಬೇಕಾದ್ರ ಪಂಪಾಪತೀಗೆ ಫೋನ್ ಹಚ್ಚಿ ಕೇಳ್ರಿ."

ವಾರ್ಡಿನಲ್ಲಿ ಪಕ್ಕದ ಮಂಚದವರೂ ತಿರುಗಿ ನೋಡಿದರು. ಲಲಿತಾ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ, ಇದು ತನ್ನ ಕತ್ತರಿಗೆ ಸಿಗುವ ಗಡ್ಡೆಯಲ್ಲ ಎಂದು ತಿಳಿದು ಮುಂದಿನ ರೋಗಿಯ ಕಡೆ ಹೋದಳು.

"ನೋಡಿದ್ಯಾ ಅಣ್ಣಾ," ಎಂದಳು ಶಿವಗಂಗವ್ವ ಮೆಲ್ಲಗೆ. "ಬ್ಯಾಡ ಅಂದ್ರೂ ಕಳ್ಳತನದಾಗ ತಿನಿಸ್ಯಾಳ."

ಹೆಂಡತಿ ಲೋಟಕ್ಕೆ ಗಂಜಿ ಬಗ್ಗಿಸಿ ಹತ್ತಿರ ಬಂದಳು. ಕಳಕಪ್ಪ ಲೋಟ ನೋಡಿದ, ತಂಗಿಯನ್ನು ನೋಡಿದ. ತುಟಿ ಒಣಗಿ ಬಿರಿದಿದ್ದವು.

"ಮೊದಲ ನೀ ಒಂದು ಗುಟುಕು ಕುಡಿ," ಅಂದ.

ಪಾರ್ವತೆಮ್ಮ ಲೋಟ ಎತ್ತಿ, ಅವನು ನೋಡುತ್ತಿದ್ದಂತೆ, ತಳದಲ್ಲಿ ಒಂದು ಹನಿಯೂ ಉಳಿಯದ ಹಾಗೆ ಕುಡಿದಳು. ಥರ್ಮಾಸಿನಲ್ಲಿ ಉಳಿದದ್ದನ್ನೂ ಬಗ್ಗಿಸಿಕೊಂಡು ಕುಡಿದಳು. ಬಾಯಿ ಒರೆಸಿಕೊಂಡು ಖಾಲಿ ಲೋಟ ಮಂಚದ ಪಕ್ಕ ಇಟ್ಟಳು.

"ನನಗ?" ಅಂದ ಕಳಕಪ್ಪ.

"ಹಸಿವಿ ಆಗೈತಿ ಅಂತ ಹೇಳ್ರಿ, ಹೋಗಿ ಮಾಡ್ಕೊಂಡು ಬರತೀನಿ. ಕುಡದು ತೋರಸು ಅಂದ್ರ ಇನ್ನ ನನ್ನ ಕೈಯಾಂದು ನಿಮಗ ನೀರೂ ಇಲ್ಲ. ನಿಮ್ಮ ತಂಗಿ ಇಲ್ಲೇ ಕುಂತಾಳ, ಆಕೀ ಮುಂದನ ಹೇಳ್ರಿ."

ಶಿವಗಂಗವ್ವ ಬಾಯಿ ತೆರೆದಳು. ಕಳಕಪ್ಪ ಬೆರಳೆತ್ತಿ ಅವಳನ್ನು ತಡೆದ. ಗೋಡೆಯ ಕಡೆ ಮುಖ ತಿರುಗಿಸಿದ. ಪಾರ್ವತೆಮ್ಮ ಥರ್ಮಾಸ್ ಎತ್ತಿಕೊಂಡು ಬಾಗಿಲ ತನಕ ಹೋಗಿದ್ದಳು.

"ಉಪ್ಪು ಕಡಿಮಿ ಹಾಕು," ಅಂದ.